ಆಡಿ, ಕೋಚಿಂಗ್ ಮಾಡಿದವರು ರಗ್ಬಿ ರೆಫರಿ ಆಗಲು ಎಲ್ಲಿಂದ ಶುರು ಮಾಡಬೇಕು?

ಜಯನಗರದ ಫ್ಲ್ಯಾಂಕರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಕ್ಲಬ್ ಮಟ್ಟದಲ್ಲಿ ಸೆವೆನ್ಸ್ (ಏಳು ಜನರ ರಗ್ಬಿ), ಹದಿನೈದು ಜನರ ಆಟ ಎರಡನ್ನೂ ಆಡಿದವನು. ಈಗ ಶಾಲಾ ತಂಡವೊಂದರ ಕೋಚ್. ಇನ್ನು ಮುಂದೆ ರೆಫರಿ ಆಗಬೇಕೆಂಬ ಆಸೆ ಗಟ್ಟಿಯಾಗಿದೆ.

ಯಾವ ಕೋರ್ಸ್ ಮೊದಲು, ಏನೇನು ಕೊಳ್ಳಬೇಕು ಎಂಬುದು ಒಂದು. ಅದಕ್ಕಿಂತ ಮುಖ್ಯವಾಗಿ, ಆಟಗಾರನಾಗಿ ಮತ್ತು ಕೋಚ್ ಆಗಿ ಬೆಳೆದ ಯಾವ ಅಭ್ಯಾಸ ರೆಫರಿಗೆ ಉಪಯೋಗ, ಯಾವುದು ಅಡ್ಡಿ? ಟ್ಯಾಕಲ್ (ಚೆಂಡು ಹಿಡಿದವನನ್ನು ಹಿಡಿದು ಕೆಡವುವುದು) ಆದ ಜಾಗದಲ್ಲಿ ಒಂದೇ ಕ್ಷಣಕ್ಕೆ ನಾಲ್ಕೈದು ತಪ್ಪು ಕಾಣುತ್ತವೆ, ಯಾವುದಕ್ಕೆ ಊದಬೇಕು? ಸ್ಕ್ರಮ್ಮಿನ (ಎರಡೂ ತಂಡದವರು ಸಾಲುಗಟ್ಟಿ ಬಗ್ಗಿ, ಭುಜ ಕೊಟ್ಟು ಚೆಂಡಿಗಾಗಿ ತಳ್ಳುವುದು) ಮುಂದಿನ ಸಾಲಿನಲ್ಲಿ ಆಡಿದ ಅನುಭವ ನನಗಿಲ್ಲ. ಅಲ್ಲಿ ಏನು ನೋಡಬೇಕು ಎಂಬುದನ್ನೂ ಬಲ್ಲವರು ಬಿಡಿಸಿ ಹೇಳಿ.

ಎರಡು ವಾಚು

ಮೊದಲು ಕಾಗದಪತ್ರದ ಕೆಲಸ ಮುಗಿಸಿಬಿಡಿ. ವರ್ಲ್ಡ್ ರಗ್ಬಿಯ ಪಾಸ್‌ಪೋರ್ಟ್ ಜಾಲತಾಣದಲ್ಲಿ ಖಾತೆ ತೆರೆದು ನಿಯಮಗಳ ಪರೀಕ್ಷೆ, ರಗ್ಬಿ ರೆಡಿ ಎಂಬ ಸುರಕ್ಷತೆಯ ಪಾಠ, ತಲೆಪೆಟ್ಟಿನ ಕುರಿತಾದ ಕನ್ಕಷನ್ ಪಾಠ, ಈ ಮೂರನ್ನು ಆನ್‌ಲೈನ್‌ನಲ್ಲೇ ಮಾಡಿ ಪ್ರಮಾಣಪತ್ರ ಇಳಿಸಿಕೊಳ್ಳಿ. ಆಮೇಲೆ ಮೈದಾನದಲ್ಲಿ ನಡೆಯುವ ಲೆವೆಲ್ 1 ಅಫಿಷಿಯೇಟಿಂಗ್ ಕೋರ್ಸ್. ನಮ್ಮ ದೇಶದಲ್ಲಿ ಇದರ ಹೊಣೆ ರಗ್ಬಿ ಇಂಡಿಯಾದ್ದು, ಅಂದರೆ ಭಾರತೀಯ ರಗ್ಬಿ ಫುಟ್‌ಬಾಲ್ ಒಕ್ಕೂಟದ್ದು. ರಾಜ್ಯ ಸಂಸ್ಥೆಗೆ ಈಗಲೇ ಹೆಸರು ಕೊಟ್ಟಿಡಿ. ಕೋರ್ಸ್ ಪ್ರಕಟವಾಗುವವರೆಗೂ ಸುಮ್ಮನೆ ಕೂರಬೇಡಿ. ಟೂರ್ನಿಗಳಲ್ಲಿ ಬಾವುಟ ಹಿಡಿದು ಟಚ್ ಜಡ್ಜ್ ಆಗಿ ನಿಲ್ಲಿ. ಆಫ್‌ಸೈಡ್ ಗೆರೆಯನ್ನು (ಆಟಗಾರರು ದಾಟಿ ಮುಂದೆ ನಿಲ್ಲಬಾರದ ಗೆರೆ) ಪಕ್ಕದಿಂದ ನೋಡುವ ಅಭ್ಯಾಸ ಅಲ್ಲೇ ಬರುತ್ತದೆ.

ನಿಯಮ ಪುಸ್ತಕದಲ್ಲಿ ಒಟ್ಟು 21 ನಿಯಮಗಳಿವೆ. ಒಂದರಿಂದ ಶುರು ಮಾಡಿ ಓದಿದರೆ ಮೈದಾನದ ಅಳತೆ, ಚೆಂಡಿನ ತೂಕದಲ್ಲೇ ಉತ್ಸಾಹ ಇಳಿದುಹೋಗುತ್ತದೆ. ಮೊದಲು ವ್ಯಾಖ್ಯೆಗಳು, ನಂತರ 14 ಟ್ಯಾಕಲ್, 15 ರಕ್ (ನೆಲದ ಮೇಲಿನ ಚೆಂಡಿನ ಮೇಲೆ ಎರಡೂ ಕಡೆಯವರು ನಿಂತು ತಳ್ಳಾಡುವುದು), 16 ಮಾಲ್ (ಚೆಂಡು ಹಿಡಿದು ನಿಂತವನ ಸುತ್ತ ತಳ್ಳಾಟ), 10 ಆಫ್‌ಸೈಡ್, 9 ಫೌಲ್ ಪ್ಲೇ, 7 ಅಡ್ವಾಂಟೇಜ್ (ತಪ್ಪಾದರೂ ಎದುರಾಳಿಗೆ ಲಾಭವಿದ್ದರೆ ಆಟ ಮುಂದುವರಿಸಲು ಬಿಡುವುದು). ಇವು ಬಾಯಿಗೆ ಬಂದ ಮೇಲೆ 18 ಲೈನ್‌ಔಟ್ (ಚೆಂಡು ಹೊರಹೋದಾಗ ಎರಡು ಸಾಲುಗಳ ನಡುವೆ ಒಳಕ್ಕೆ ಎಸೆಯುವುದು), 19 ಸ್ಕ್ರಮ್. ಉಳಿದದ್ದು ಆಮೇಲೆ. ಆಟಗಾರರಿಗೆ ತಿಳಿದಿರುವ ನಿಯಮಗಳಲ್ಲಿ ಬಾಯಿಮಾತಿನವು ಬಹಳ. ಒಂದು ಉದಾಹರಣೆ: ರಕ್ ಆದೊಡನೆ ಎಲ್ಲರೂ ಕೈ ತೆಗೆಯಲೇಬೇಕು ಎಂದು ತುಂಬ ಜನ ನಂಬಿದ್ದಾರೆ. ರಕ್ ಆಗುವ ಮೊದಲೇ ಕಾಲ ಮೇಲೆ ನಿಂತು ಚೆಂಡಿಗೆ ಕೈ ಹಾಕಿದವನು, ಕಾಲ ಮೇಲೇ ಇರುವ ತನಕ ಕೈ ಬಿಡಬೇಕಾಗಿಲ್ಲ. ಇದು ತಪ್ಪಿದರೆ ಒಳ್ಳೆಯ ಫ್ಲ್ಯಾಂಕರ್ (ಸ್ಕ್ರಮ್ಮಿನ ಅಂಚಿನಲ್ಲಿದ್ದು ಚೆಂಡು ಕದಿಯುವ ಆಟಗಾರ) ಮಾಡಿದ ಕೆಲಸಕ್ಕೆ ಶಿಕ್ಷೆ ಕೊಟ್ಟಂತಾಗುತ್ತದೆ.

ಚೀಲದಲ್ಲಿ ಇರಬೇಕಾದವು: ಎರಡು ವಿಷಲ್ (ಒಂದು ಬೆರಳಿಗೋ ಮಣಿಕಟ್ಟಿಗೋ ದಾರ ಕಟ್ಟಿದ್ದು), ಎರಡು ವಾಚು, ಹಳದಿ ಮತ್ತು ಕೆಂಪು ಕಾರ್ಡ್ ಬೇರೆ ಬೇರೆ ಜೇಬಿನಲ್ಲಿ, ಟಾಸ್‌ಗೆ ನಾಣ್ಯ, ಗಟ್ಟಿ ಕಾಗದ, ಪೆನ್ಸಿಲ್. ಪೆನ್ನು ಬೇಡ, ಮಳೆಯಲ್ಲಿ ಕೈಕೊಡುತ್ತದೆ. ಒಂದು ವಾಚು ನಿಲ್ಲಿಸದೆ ಓಡಲಿ, ಇನ್ನೊಂದನ್ನು ಗಾಯ ಮತ್ತಿತರ ಕಾರಣಕ್ಕೆ ಆಟ ನಿಂತಾಗ ನಿಲ್ಲಿಸಿ. ಮತ್ತೆ ಒತ್ತಲು ಮರೆತರೆ ಮೊದಲನೆಯದು ಕಾಪಾಡುತ್ತದೆ.

ಪಂದ್ಯಕ್ಕೆ ಒಂದು ಗಂಟೆ ಮುಂಚೆ ಮೈದಾನದಲ್ಲಿರಿ. ಗೋಲ್ ಕಂಬಗಳ ಅಂತರ 5.6 ಮೀಟರ್, ಅಡ್ಡಪಟ್ಟಿಯ ಎತ್ತರ 3 ಮೀಟರ್, ಕಂಬಗಳಿಗೆ ದಿಂಬು ಸುತ್ತಿರಬೇಕು. ನಮ್ಮ ಶಾಲಾ ಮೈದಾನಗಳಲ್ಲಿ ನಿಜವಾದ ತೊಂದರೆ ಅಂಚಿನದು: ಚರಂಡಿ, ಸಿಮೆಂಟ್ ಮೆಟ್ಟಿಲು, ಕಬ್ಬಿಣದ ಬೇಲಿ. ಸಾಧ್ಯವಾದ ಕಡೆಯೆಲ್ಲ ಗೆರೆಯಾಚೆ 5 ಮೀಟರ್ ಖಾಲಿ ಜಾಗ ಬೇಕು ಎನ್ನುತ್ತದೆ ನಿಯಮ. ಇಲ್ಲದಿದ್ದರೆ ಸುಣ್ಣದ ಗೆರೆಯನ್ನು ಒಳಕ್ಕೆ ಹಾಕಿಸಿ. ಮೈದಾನ ಕಿರಿದಾದರೂ ಪರವಾಗಿಲ್ಲ. ಬೂಟಿನ ಸ್ಟಡ್ 21 ಮಿ.ಮೀ.ಗಿಂತ ಉದ್ದ ಇರಬಾರದು, ಅಂಚು ಹರಿತವಾಗಿರಬಾರದು, ಬೆರಳಿನಿಂದ ಸವರಿ ನೋಡಿ. ಉಂಗುರ, ಕಡಗ, ಓಲೆ, ಮೂಗುತಿ ಎಲ್ಲವೂ ಬಿಚ್ಚಬೇಕು. ಮೂಗುತಿ ಬಿಚ್ಚಲು ಹುಡುಗಿಯರಿಗೆ ಸಮಯ ಹಿಡಿಯುತ್ತದೆ, ಆದ್ದರಿಂದ ಈ ಮಾತನ್ನು ವಾರ್ಮ್‌ಅಪ್‌ಗೆ ಮುಂಚೆಯೇ ಕೋಚ್‌ಗೆ ತಿಳಿಸಿಡಿ.

ಶಿಳ್ಳೆಶಂಕರ

ಟ್ಯಾಕಲ್ ಬಗ್ಗೆ ನಾನು ಬರೆಯುತ್ತೇನೆ. ಪಂದ್ಯದ ಬಹುಪಾಲು ಪೆನಾಲ್ಟಿಗಳು ಹುಟ್ಟುವುದೇ ಅಲ್ಲಿ.

ಒಂದೇ ಕ್ಷಣಕ್ಕೆ ನಾಲ್ಕೈದು ತಪ್ಪು ಕಾಣುತ್ತವೆ ಎಂದಿರಿ. ನಿಜದಲ್ಲಿ ಅವು ಒಂದರ ಹಿಂದೊಂದು ಆಗುತ್ತವೆ, ಕಣ್ಣಿಗೆ ಕ್ರಮ ಕಲಿಸದ ಕಾರಣ ಒಟ್ಟಿಗೆ ಕಾಣುತ್ತವೆ. ಕ್ರಮ ಹೀಗೆ. ಮೊದಲು ಟ್ಯಾಕಲ್ ಮಾಡಿದವನು: ಹಿಡಿತ ಬಿಟ್ಟನೇ, ಉರುಳಿ ಪಕ್ಕಕ್ಕೆ ಸರಿದನೇ? ಜೊತೆಗೆ ಹಿಡಿದು ಕಾಲ ಮೇಲೇ ಉಳಿದವನೂ ಒಮ್ಮೆ ಕೈ ಬಿಟ್ಟು ಆಮೇಲೇ ಚೆಂಡಿಗೆ ಹೋಗಬೇಕು. ಎರಡನೆಯದು ಚೆಂಡು ಹಿಡಿದು ಬಿದ್ದವನು: ತಕ್ಷಣ ಇಟ್ಟನೇ, ದೂಡಿದನೇ, ಪಾಸ್ ಮಾಡಿದನೇ? ಮೂರನೆಯದು ಬಂದು ಸೇರಿದವರು: ತಮ್ಮ ಕಡೆಯಿಂದ ಬಂದರೇ, ಕಾಲ ಮೇಲೆ ತಮ್ಮ ಭಾರ ತಾವೇ ಹೊತ್ತಿದ್ದಾರೆಯೇ? ಅವರು ಒಳಬರುವುದು ಟ್ಯಾಕಲ್‌ನ ಹಿಂಭಾಗದಿಂದಲೇ ಆಗಬೇಕು, ಪಕ್ಕದಿಂದ ನುಗ್ಗಿದರೆ ಪೆನಾಲ್ಟಿ.

ಈ ಕ್ರಮ ಯಾಕೆ ಮುಖ್ಯ ಎಂದರೆ ಮೊದಲ ತಪ್ಪು ಎರಡನೆಯದನ್ನು ಹುಟ್ಟಿಸುತ್ತದೆ. ಟ್ಯಾಕಲ್ ಮಾಡಿದವನು ಸರಿಯದೆ ಚೆಂಡಿನ ಪಕ್ಕ ಮಲಗಿದ್ದರೆ ಬಿದ್ದವನಿಗೆ ಚೆಂಡು ಇಡಲು ಜಾಗವೇ ಇರುವುದಿಲ್ಲ. ಒಂದು ಸೆಕೆಂಡ್ ತಡವಾಗಿ ತಲುಪಿದ ರೆಫರಿಗೆ ಕಾಣುವುದು "ಚೆಂಡು ಬಿಡುತ್ತಿಲ್ಲ" ಎಂಬುದು ಮಾತ್ರ, ಪೆನಾಲ್ಟಿ ತಿರುಗಿ ತಪ್ಪು ಮಾಡದವನ ತಲೆಗೆ ಬೀಳುತ್ತದೆ. ಹಾಗೆ ಎರಡು ಸಲ ಆದರೆ ಪಂದ್ಯ ಕೈತಪ್ಪುತ್ತದೆ, ಏಕೆಂದರೆ ರಕ್ಷಣೆಯವರು ಉರುಳುವುದನ್ನೇ ನಿಲ್ಲಿಸುತ್ತಾರೆ. ಶುರುವಿನ ಹತ್ತು ನಿಮಿಷದಲ್ಲಿ ಟ್ಯಾಕಲ್ ಮಾಡಿದವನನ್ನು ಬಿಗಿಯಾಗಿ ನೋಡಿ. ಅವನು ಸರಿದರೆ ಉಳಿದ ಮುಕ್ಕಾಲು ತಪ್ಪು ತಾನಾಗಿ ಕಡಿಮೆ ಆಗುತ್ತವೆ.

ಇದಕ್ಕೆ ನಿಲ್ಲುವ ಜಾಗ ಸರಿಯಿರಬೇಕು. ಚೆಂಡಿನ ನೇರ ಹಿಂದೆ ನಿಂತರೆ ಬೆನ್ನುಗಳೇ ಕಾಣುತ್ತವೆ, ಜೊತೆಗೆ ಸ್ಕ್ರಮ್ ಹಾಫ್ (ರಕ್, ಸ್ಕ್ರಮ್‌ಗಳಿಂದ ಚೆಂಡು ತೆಗೆದು ಕೊಡುವವನು) ಪಾಸ್ ಮಾಡುವ ದಾರಿಗೆ ಅಡ್ಡ. ಓಡುವಾಗ ಚೆಂಡಿನ ಹಿಂದೆ ಸುತ್ತು ಹಾಕದೆ ಮುಂದಿನ ಟ್ಯಾಕಲ್ ಆಗುವ ಜಾಗಕ್ಕೆ ನೇರ ಗೆರೆಯಲ್ಲಿ ಓಡಿ. ತಲುಪಿದ ಮೇಲೆ ಮೂರು ನಾಲ್ಕು ಮೀಟರ್ ದೂರದಲ್ಲಿ ಓರೆಯಾಗಿ ನಿಂತು, ಎದೆ ರಕ್ಷಣಾ ಸಾಲಿನ ಕಡೆ ತೆರೆದಿರಲಿ. ಮೊದಲು ಕೆಳಗೆ, ಚೆಂಡು ಯಾರದೆಂದು ಖಚಿತವಾದೊಡನೆ ಕಣ್ಣು ಮೇಲೆ, ಆಫ್‌ಸೈಡ್ ಗೆರೆಗೆ. ರಕ್‌ನಲ್ಲಿ ತೊಡಗಿದವರ ಪೈಕಿ ಕೊನೆಯವನ ಹಿಂದಿನ ತುದಿಯೇ ಆ ಗೆರೆ.

ಕೋಚ್‌ಗಳಿಗೆ ಕಷ್ಟವಾಗುವುದು ಇಲ್ಲೇ. ಅವರ ಕಣ್ಣು ಟ್ಯಾಕಲ್ ಆದ ಮರುಕ್ಷಣವೇ ಆಚೆ ಬ್ಯಾಕ್‌ಲೈನ್ (ಹಿಂದೆ ಸಾಲಾಗಿ ನಿಂತ ಓಟಗಾರರು) ಹೇಗೆ ನಿಂತಿದೆ, ಎಲ್ಲಿ ಜಾಗ ಇದೆ ಎಂದು ಹಾರುತ್ತದೆ. ವರ್ಷಗಟ್ಟಲೆ ಬೆಳೆಸಿಕೊಂಡ ಆ ಒಳ್ಳೆಯ ಗುಣ ರೆಫರಿಗೆ ಒಂದೂವರೆ ಸೆಕೆಂಡ್ ನಷ್ಟ. ಫ್ಲ್ಯಾಂಕರ್‌ಗಳ ಕಣ್ಣು ತದ್ವಿರುದ್ಧ, ಕದಿಯುವವನ ಕೈಗಳ ಮೇಲೇ ನೆಟ್ಟಿರುತ್ತದೆ, ಟ್ಯಾಕಲ್ ಮಾಡಿದವನನ್ನು ದಾಟಿಹೋಗುತ್ತದೆ. ನೀವು ಎರಡೂ ಆಗಿರುವುದರಿಂದ ಎರಡಕ್ಕೂ ಎಚ್ಚರ ಬೇಕು. ಅಭ್ಯಾಸಕ್ಕೆ ದಾರಿ ಇದೆ: ಯಾವುದಾದರೂ ಪಂದ್ಯದ ವಿಡಿಯೊ ಹಾಕಿ, ಚೆಂಡನ್ನು ನೋಡದೆ ಪ್ರತಿ ಟ್ಯಾಕಲ್‌ನಲ್ಲೂ "ಬಿಟ್ಟ, ಸರಿದ, ಇಟ್ಟ, ನಿಂತ" ಎಂದು ಗಟ್ಟಿಯಾಗಿ ಹೇಳುತ್ತ ಹೋಗಿ. ಇಪ್ಪತ್ತು ನಿಮಿಷ ಮಾಡಿದರೆ ತಲೆ ಬಿಸಿಯಾಗುತ್ತದೆ, ಆದರೆ ಮೈದಾನದಲ್ಲಿ ಬೇಕಾಗುವುದು ಅದೇ.

ಉಪಯೋಗಕ್ಕೆ ಬರುವುದೂ ಇದೆ. ಆಡಿದವನಿಗೆ ಮುಂದಿನ ಚೆಂಡು ಎಲ್ಲಿಗೆ ಹೋಗುತ್ತದೆ ಎಂಬುದು ಎರಡು ಹೆಜ್ಜೆ ಮೊದಲೇ ಗೊತ್ತಾಗುತ್ತದೆ. 2007ರ ವಿಶ್ವಕಪ್ ಫೈನಲ್‌ನ ರೆಫರಿ ಅಲೇನ್ ರೋಲ್ಯಾಂಡ್ ಐರ್ಲೆಂಡಿಗೆ ಆಡಿದ ಸ್ಕ್ರಮ್ ಹಾಫ್. 2023ರ ವಿಶ್ವಕಪ್ ರೆಫರಿಗಳಲ್ಲಿದ್ದ ಕಾರ್ಲ್ ಡಿಕ್ಸನ್ ಹಾರ್ಲೆಕ್ವಿನ್ಸ್ ಕ್ಲಬ್ಬಿನ ಸ್ಕ್ರಮ್ ಹಾಫ್. ಗ್ಲೆನ್ ಜಾಕ್ಸನ್ ಸಾರಸೆನ್ಸ್ ಕ್ಲಬ್ಬಿಗೆ ಫ್ಲೈ ಹಾಫ್ (ಸ್ಕ್ರಮ್ ಹಾಫ್‌ನಿಂದ ಚೆಂಡು ಪಡೆದು ಆಟ ನಡೆಸುವವನು) ಆಗಿದ್ದವರು, 2015ರ ವಿಶ್ವಕಪ್‌ನಲ್ಲಿ ವಿಷಲ್ ಹಿಡಿದರು. ಸದಾ ಚೆಂಡಿನ ಪಕ್ಕದಲ್ಲೇ ಇದ್ದು ಮುಂದಿನದನ್ನು ಊಹಿಸುವ ಜಾಗಗಳಿವು, ರೆಫರಿಯ ಓಟವೂ ಅದೇ.

ಜಯನಗರದ ಫ್ಲ್ಯಾಂಕರ್

ಧನ್ಯವಾದ ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ. ಕಂಡ ತಪ್ಪಿಗೆಲ್ಲ ಊದಬೇಕೇ? ಶಾಲಾ ಪಂದ್ಯದಲ್ಲಿ ಹಾಗೆ ಊದಿದರೆ ಆಟವೇ ಸಾಗುವುದಿಲ್ಲ. ಆಡುವವರ ಜೊತೆ ಎಷ್ಟು ಮಾತಾಡಬಹುದು ಎಂಬುದನ್ನೂ ತಿಳಿಸಿ.

ಶಿಳ್ಳೆಶಂಕರ

ಎದುರಾಳಿಗೆ ಅದರಿಂದ ಏನಾದರೂ ತಪ್ಪಿಹೋಯಿತೇ ಎಂದು ಕೇಳಿಕೊಳ್ಳಿ. ಚೆಂಡು ಎಡಕ್ಕೆ ಬೇಗ ಹೊರಬಂತು, ಬಲಗಡೆ ಒಬ್ಬ ಅರ್ಧ ಮೀಟರ್ ಆಫ್‌ಸೈಡ್ ನಿಂತಿದ್ದ, ಆಟದ ಹತ್ತಿರವೂ ಬರಲಿಲ್ಲ: ಊದುವುದು ಬೇಡ, ಹೆಸರೋ ನಂಬರೋ ಹಿಡಿದು "ಹಿಂದೆ" ಎನ್ನಿ. ಅಪಾಯದ ಆಟಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ, ಚೆಂಡು ಎಲ್ಲೇ ಇರಲಿ.

ಅಡ್ವಾಂಟೇಜ್ ಕೊಟ್ಟಾಗ ಕೈಯನ್ನು ಸೊಂಟದ ಮಟ್ಟದಲ್ಲಿ ಸುಮಾರು 5 ಸೆಕೆಂಡ್ ಚಾಚಿ, ಬಾಯಲ್ಲೂ ಹೇಳಿ. ನಾಕ್ ಆನ್‌ನಂಥ (ಚೆಂಡು ಕೈತಪ್ಪಿ ಮುಂದಕ್ಕೆ ಬೀಳುವುದು) ತಪ್ಪಿನ ಸ್ಕ್ರಮ್ ಅಡ್ವಾಂಟೇಜ್ ಚಿಕ್ಕದು: ಒತ್ತಡವಿಲ್ಲದೆ ಚೆಂಡು ಆಡಲು ಅವಕಾಶ ಸಿಕ್ಕಿತೆಂದರೆ ಮುಗಿಯಿತು. ಪೆನಾಲ್ಟಿಯದು ಉದ್ದ, ಏಕೆಂದರೆ ಬಿಟ್ಟುಕೊಡುತ್ತಿರುವುದು 3 ಅಂಕದ ಅವಕಾಶ. ಮುಗಿದಾಗ "ಅಡ್ವಾಂಟೇಜ್ ಓವರ್" ಎಂದು ಇಬ್ಬರಿಗೂ ಕೇಳುವಂತೆ ಕೂಗಿ. ಇದನ್ನು ನುಂಗಿಬಿಟ್ಟರೆ ಅನಂತರ ಆಟ ತಿರುಗಿದಾಗ ಎರಡೂ ಕಡೆಯವರು ನಿಮ್ಮ ಮುಖ ನೋಡುತ್ತಾರೆ.

ಮಾತು ತಪ್ಪಾಗುವ ಮುಂಚೆ ಬರಬೇಕು, ಚಿಕ್ಕದಾಗಿರಬೇಕು. "ರೋಲ್", "ಹ್ಯಾಂಡ್ಸ್", "ರಕ್", "ಯೂಸ್ ಇಟ್". ಕೊನೆಯದನ್ನು (ಚೆಂಡು ಹೊರತೆಗೆಯಿರಿ ಎಂದರ್ಥ) ಕೂಗಿದ ಮೇಲೆ 5 ಸೆಕೆಂಡ್ ಎಣಿಸಿ. ಒಬ್ಬನಿಗೆ ಒಂದೇ ಮಾತನ್ನು ಮೂರನೇ ಸಲ ಹೇಳುತ್ತಿದ್ದೀರಿ ಎಂದರೆ ಅಲ್ಲಿಗೆ ಮಾತು ಸಾಕು, ವಿಷಲ್ ಬೇಕು. ಕೋಚ್ ಆಗಿದ್ದವರು ರೆಫರಿ ಆದಾಗ ಎದ್ದು ಕಾಣುವ ದೋಷ ಅತಿಮಾತು. "ಇನ್ನೂ ಕೆಳಗೆ ಬಾ, ಹೀಗೆ ಬೈಂಡ್ ಮಾಡು" ಎಂದು ಪಾಠ ಶುರುವಾಗಿಬಿಡುತ್ತದೆ. ಹನ್ನೆರಡು ವರ್ಷದ ಮಕ್ಕಳ ಪಂದ್ಯದಲ್ಲಿ ಅದು ಬೇಕು, ದೊಡ್ಡವರಲ್ಲಿ ಒಂದು ತಂಡಕ್ಕೆ ಕಲಿಸಿದಂತೆ ಕೇಳಿಸುತ್ತದೆ.

ವಿಷಲ್‌ನ ದನಿಯೂ ಮಾತೇ. ಸ್ಕ್ರಮ್‌ಗೆ ಚಿಕ್ಕದು, ಪೆನಾಲ್ಟಿಗೆ ಗಟ್ಟಿ, ಟ್ರೈಗೆ (ಎದುರಾಳಿಯ ಗೋಲ್ ಗೆರೆಯಾಚೆ ಚೆಂಡು ನೆಲಕ್ಕೊತ್ತಿ ಅಂಕ ಗಳಿಸುವುದು) ಉದ್ದ. ಊದಿದೊಡನೆ ಮೊದಲು ಚೆಂಡು ಯಾರಿಗೆ ಎಂಬ ಸನ್ನೆ: ಪೆನಾಲ್ಟಿಗೆ ತೋಳು ನೇರವಾಗಿ ಓರೆ ಮೇಲಕ್ಕೆ, ಫ್ರೀ ಕಿಕ್‌ಗೆ ಮೊಣಕೈ ಮಡಚಿ, ಸ್ಕ್ರಮ್‌ಗೆ ತೋಳು ನೆಲಕ್ಕೆ ಸಮನಾಗಿ. ಏಕೆ ಎಂಬ ಸನ್ನೆ ಆಮೇಲೆ. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿ, ಇದರಲ್ಲಿ ನಾಚಿಕೆ ಬೇಡ.

ಲೂಸ್‌ಹೆಡ್ ಲೋಕೇಶ, ಬ್ರಿಸ್ಟಲ್

ಸ್ಕ್ರಮ್ ಬಗ್ಗೆ ಯಾರೂ ಬರೆದಿಲ್ಲ, ನಾನು ಸೇರಿಸುತ್ತೇನೆ.

ಕೂಗು ಮೂರು: ಕ್ರೌಚ್, ಬೈಂಡ್, ಸೆಟ್. ಇವುಗಳ ನಡುವಿನ ನಿಲುಗಡೆಯೇ ಮುಖ್ಯ. ಕ್ರೌಚ್ ಎಂದಾಗ ಎರಡೂ ಕಡೆಯ ಮುಂದಿನ ಸಾಲು ಬಗ್ಗಿ ನಿಲ್ಲುತ್ತದೆ. ಭುಜ ಸೊಂಟಕ್ಕಿಂತ ಕೆಳಗಿದ್ದರೆ ಅಲ್ಲೇ ನಿಲ್ಲಿಸಿ, ಎಬ್ಬಿಸಿ, ಮತ್ತೆ ಶುರು ಮಾಡಿ. ಬೈಂಡ್ ಎಂದಾಗ ಲೂಸ್‌ಹೆಡ್‌ನ (ಮುಂದಿನ ಸಾಲಿನ ಎಡಗಡೆಯವನು) ಎಡಗೈ ಎದುರಿನ ಟೈಟ್‌ಹೆಡ್‌ನ (ಬಲಗಡೆಯವನು) ಬಲಗೈಯ ಒಳಗಿರಬೇಕು, ಹಿಡಿತ ಬೆನ್ನಿನ ಮೇಲೋ ಪಕ್ಕೆಯ ಮೇಲೋ ಇರಬೇಕು. ತೋಳನ್ನೋ ತೋಳಿನ ಬಟ್ಟೆಯನ್ನೋ ಹಿಡಿದರೆ ಕುಸಿತ ಖಂಡಿತ, ಏಕೆಂದರೆ ಮೊಣಕೈ ಕೆಳಕ್ಕೆ ಎಳೆಯಲು ಶುರುವಾಗುತ್ತದೆ. ಇಬ್ಬರೂ ಅಲುಗದೆ ನಿಂತ ಮೇಲೆಯೇ ಸೆಟ್. ಚೆಂಡು ಒಳಬರುವ ಮೊದಲು ತಳ್ಳುವಂತಿಲ್ಲ.

ನೀವು ಚೆಂಡು ಹಾಕುವ ಕಡೆ ನಿಂತು ಶುರು ಮಾಡಿ, ಸುರಂಗ (ಎರಡೂ ಮುಂದಿನ ಸಾಲುಗಳ ನಡುವಿನ ಜಾಗ) ಕಾಣುವಂತೆ. ಚೆಂಡು ಒಳಹೋದ ಮೇಲೆ ಒಂದೆರಡು ಹೆಜ್ಜೆ ಹಿಂದೆ ಸರಿದರೆ ಎರಡೂ ಬ್ಯಾಕ್‌ಲೈನ್‌ಗಳು 5 ಮೀಟರ್ ಹಿಂದಿವೆಯೇ ಎಂಬುದೂ ಕಾಣುತ್ತದೆ. ಕುಸಿದರೆ ತಕ್ಷಣ ಊದಿ, ಯಾರ ತಪ್ಪು ಎಂಬ ಲೆಕ್ಕ ಆಮೇಲೆ. ಮುಂದಿನ ಸಾಲಿನಲ್ಲಿ ಆಡದವರಿಗೆ ಒಂದು ಸುಳುಹು: ಬಿದ್ದ ಮೇಲೆ ಯಾರು ಎಲ್ಲಿದ್ದಾರೆ ಎಂದು ನೋಡಬೇಡಿ, ಬೀಳುವ ಮುಂಚೆ ಯಾರ ಸೊಂಟ ಹೊರಕ್ಕೆ ತಿರುಗಿತು, ಯಾರ ಮೊಣಕೈ ನೆಲ ನೋಡಿತು ಎಂಬುದನ್ನು ನೋಡಿ. ಹತ್ತೊಂಬತ್ತರೊಳಗಿನವರಲ್ಲಿ ಸ್ಕ್ರಮ್ ಒಂದೂವರೆ ಮೀಟರ್‌ಗಿಂತ ಹೆಚ್ಚು ತಳ್ಳುವಂತಿಲ್ಲ. ಮುಂದಿನ ಸಾಲಿಗೆ ತರಬೇತಾದವರು ಇಲ್ಲದಿದ್ದರೆ ಸ್ಪರ್ಧೆಯಿಲ್ಲದ, ಅಂದರೆ ತಳ್ಳಾಟವಿಲ್ಲದ ಸ್ಕ್ರಮ್ ಮಾತ್ರ. ಈ ವಿಷಯ ಟಾಸ್‌ಗೆ ಮೊದಲೇ ಎರಡೂ ಕೋಚ್‌ಗಳನ್ನು ಕೇಳಿ ಖಚಿತ ಮಾಡಿಕೊಳ್ಳಿ. "ನಡೆಯುತ್ತೆ ಬಿಡಿ ಸರ್" ಎಂಬ ಉತ್ತರವನ್ನು ಒಪ್ಪಬೇಡಿ, ಪಣಕ್ಕಿರುವುದು ಹುಡುಗರ ಕತ್ತು.

ತಲೆಗೆ ತಾಗಿದ ಟ್ಯಾಕಲ್‌ಗೆ ಕೇಳಿಕೊಳ್ಳುವ ಪ್ರಶ್ನೆ ನಾಲ್ಕು: ತಲೆಗೆ ತಾಗಿತೇ? ಫೌಲ್ ಪ್ಲೇ ಇತ್ತೇ? ಅಪಾಯ ಎಷ್ಟು? ತಗ್ಗಿಸುವ ಕಾರಣ ಇದೆಯೇ, ಅಂದರೆ ಚೆಂಡು ಹಿಡಿದವನು ಹಠಾತ್ತನೆ ಕುಸಿದನೇ? ಬೇಕೆಂದೇ ಮಾಡಿದ್ದಕ್ಕೆ ಕೊನೆಯದು ಅನ್ವಯಿಸುವುದಿಲ್ಲ. ಟಿವಿ ರೀಪ್ಲೇ ಇಲ್ಲದ ಪಂದ್ಯದಲ್ಲೂ ಇದೇ ಕ್ರಮದಲ್ಲಿ ಯೋಚಿಸಿದರೆ ಗಲಾಟೆಯ ನಡುವೆಯೂ ನಿರ್ಧಾರ ಅಲುಗುವುದಿಲ್ಲ. ಇಲ್ಲಿ ಇಂಗ್ಲೆಂಡಿನ ಸಮುದಾಯ ಮಟ್ಟದಲ್ಲಿ 2023-24ರ ಋತುವಿನಿಂದ ಟ್ಯಾಕಲ್ ಎದೆಮೂಳೆಯ ಬುಡಕ್ಕಿಂತ ಕೆಳಗಿರಬೇಕು. ವಿಶ್ವದ ಸಾಮಾನ್ಯ ನಿಯಮದಲ್ಲಿ ಭುಜದ ಗೆರೆಯೇ ಮಿತಿ. ಆದ್ದರಿಂದ ಟೂರ್ನಿಗೆ ಒಪ್ಪಿಕೊಳ್ಳುವಾಗ ಯಾವ ಎತ್ತರ ಜಾರಿಯಲ್ಲಿದೆ ಎಂದು ಕೇಳಿ.

ತಲೆಪೆಟ್ಟಿನ ಅನುಮಾನ ಬಂದರೆ ಆಟಗಾರ ಹೊರಗೆ, ಆ ದಿನ ಮತ್ತೆ ಒಳಗಿಲ್ಲ. ಮೈದಾನದ ಬದಿಯಲ್ಲಿ ಪರೀಕ್ಷಿಸಿ ವಾಪಸು ಕಳಿಸುವ ಪದ್ಧತಿ ವೃತ್ತಿಪರ ಆಟಕ್ಕೆ ಮಾತ್ರ. ಆಟಗಾರ "ಸರಿಯಿದ್ದೇನೆ" ಎನ್ನುತ್ತಾನೆ, ಕೋಚ್ ಕೂಡ ಹಾಗೇ ಹೇಳಬಹುದು. ವೈದ್ಯರು ಇರಲಿ ಇಲ್ಲದಿರಲಿ, ಗಾಯಗೊಂಡವನನ್ನು ಹೊರಕಳಿಸುವ ಅಧಿಕಾರ ನಿಯಮದಲ್ಲೇ ರೆಫರಿಗಿದೆ. ಬಳಸಿ.

ಸೆವೆನ್ಸ್ ಸುಮಾ

ನಮ್ಮಲ್ಲಿ ಹೊಸ ರೆಫರಿಗೆ ಮೊದಲು ಸಿಗುವುದು ಬಹುತೇಕ ಸೆವೆನ್ಸ್. ಅದನ್ನು ಸುಲಭ ಎಂದುಕೊಳ್ಳಬೇಡಿ.

7 ನಿಮಿಷದ ಎರಡು ಅವಧಿ, ನಡುವೆ 2 ನಿಮಿಷ. ಹಳದಿ ಕಾರ್ಡ್ ಎಂದರೆ 2 ನಿಮಿಷ ಹೊರಗೆ (ಹದಿನೈದರ ಆಟದಲ್ಲಿ 10). ಅಂಕ ಗಳಿಸಿದ ತಂಡವೇ ಮತ್ತೆ ಕಿಕ್ ಆಫ್ ಮಾಡಬೇಕು, ಹದಿನೈದರ ಆಟದಿಂದ ಬಂದವರು ಮೊದಲು ಗಲಿಬಿಲಿಗೊಳ್ಳುವುದು ಇಲ್ಲೇ. ಕನ್ವರ್ಷನ್ (ಟ್ರೈ ನಂತರದ ಗೋಲ್ ಒದೆತ) ಡ್ರಾಪ್ ಕಿಕ್ (ಚೆಂಡು ನೆಲಕ್ಕೆ ಬಿಟ್ಟು ಪುಟಿಯುವಾಗ ಒದೆಯುವುದು), 30 ಸೆಕೆಂಡಿನೊಳಗೆ. ಕಿಕ್ ಆಫ್ 10 ಮೀಟರ್ ದಾಟದಿದ್ದರೆ, ನೇರ ಹೊರಗೆ ಹೋದರೆ, ಒದೆಯುವವನಿಗಿಂತ ಮುಂದೆ ಯಾರಾದರೂ ಓಡಿದರೆ ಎದುರಾಳಿಗೆ ಮಧ್ಯದಲ್ಲಿ ಫ್ರೀ ಕಿಕ್.

ರಕ್ ಕಡಿಮೆ, ಆದರೆ ಪ್ರತಿಯೊಂದಕ್ಕೂ ಬೆಲೆ ಹೆಚ್ಚು. ಒಬ್ಬನೇ ಬಂದು ಚೆಂಡಿಗೆ ಕೈ ಹಾಕುತ್ತಾನೆ, ಬಿದ್ದವನು ಒಂದು ಸೆಕೆಂಡಿನೊಳಗೆ ಬಿಡಲಿಲ್ಲ ಎಂದರೆ ನಿರ್ಧಾರ ಆಗಲೇ ಬರಬೇಕು. ಟ್ರೈ ಗೆರೆಯ ಹತ್ತಿರ ಬೇಕೆಂದೇ ಚೆಂಡು ತಡೆದರೆ ಹಳದಿ ತೋರಿಸಲು ಹಿಂಜರಿಯಬೇಡಿ. ಆ ಎರಡು ಸೆಕೆಂಡ್ ತಡೆದಿದ್ದರಿಂದಲೇ 5 ಅಂಕ ಉಳಿದಿರುತ್ತದೆ.

ಓಟದ ತಯಾರಿಗೆ ಬ್ರಾಂಕೊ ಪರೀಕ್ಷೆ ಮಾಡಿಕೊಳ್ಳಿ: 20 ಮೀಟರ್ ಹೋಗಿ ಬನ್ನಿ, 40 ಹೋಗಿ ಬನ್ನಿ, 60 ಹೋಗಿ ಬನ್ನಿ. ಇದು ಒಂದು ಸುತ್ತು. ನಿಲ್ಲದೆ ಐದು ಸುತ್ತು, ಒಟ್ಟು 1,200 ಮೀಟರ್. ತಿಂಗಳಿಗೊಮ್ಮೆ ಸಮಯ ಬರೆದಿಡಿ. ಇದರ ಜೊತೆ ಅಡ್ಡ ಓಟ, ಹಿಮ್ಮುಖ ಓಟ ಸೇರಿಸಿ. ಆಟಗಾರರು ಇವನ್ನು ಕಡೆಗಣಿಸಿರುತ್ತಾರೆ, ರೆಫರಿಗೆ ಪ್ರತಿ ನಿಮಿಷ ಬೇಕು. ಟೂರ್ನಿ ದಿನ ಒಂದಾದ ಮೇಲೊಂದು ಪಂದ್ಯ ಇರುತ್ತದೆ. ಬೆಂಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನದ ಪಂದ್ಯಗಳಲ್ಲಿ ಮೊದಲು ಸೋಲುವುದು ಕಾಲಲ್ಲ, ಗಮನ. ಪ್ರತಿ ವಿರಾಮದಲ್ಲೂ ಉಪ್ಪು-ಸಕ್ಕರೆ ಸೇರಿಸಿದ ನಿಂಬೆ ನೀರೋ ಓಆರ್‌ಎಸ್ಸೋ ಕುಡಿಯಿರಿ, ನೆರಳಲ್ಲಿ ಕೂರಿ.

ಸಮಯದ ನಿಯಮ ಗಟ್ಟಿ ಮಾಡಿಕೊಳ್ಳಿ, ಜಗಳ ಏಳುವುದು ಕೊನೆಯ ನಿಮಿಷದಲ್ಲೇ. ವೇಳೆ ಮುಗಿದ ಮೇಲೆ ಚೆಂಡು ಡೆಡ್ ಆದರೆ (ಆಟದಿಂದ ಹೊರಗಾದರೆ) ಆಟ ಮುಗಿಯಿತು. ಆದರೆ ಆಗ ಪೆನಾಲ್ಟಿ ಅಥವಾ ಫ್ರೀ ಕಿಕ್ ಕೊಟ್ಟಿದ್ದರೆ ಆಟ ಮುಂದುವರಿಯುತ್ತದೆ. ಪೆನಾಲ್ಟಿಯನ್ನು ಯಾರಿಗೂ ತಾಗದಂತೆ ನೇರ ಹೊರಗೆ ಒದ್ದರೂ ಆ ಲೈನ್‌ಔಟ್ ಆಡಿಸಬೇಕು. ಟ್ರೈ ಆದರೆ ಕನ್ವರ್ಷನ್‌ಗೆ ಅವಕಾಶ ಉಂಟು.

ಎರಡು ವಾಚು

ಒಂದು ವಿಷಯ ಬಿಟ್ಟುಹೋಗಿದೆ: ಕೋಚಿಂಗ್ ಮುಂದುವರಿಸಬಹುದೇ? ನನ್ನ ಅಭಿಪ್ರಾಯದಲ್ಲಿ ಮೊದಲ ವರ್ಷ ಮುಂದುವರಿಸುವುದೇ ಒಳ್ಳೆಯದು, ನಿಮ್ಮ ತಂಡದ ಅಭ್ಯಾಸ ಪಂದ್ಯಗಳೇ ವಿಷಲ್ ಕಲಿಯುವ ಜಾಗ. ಆದರೆ ನಿಮ್ಮ ಶಾಲೆ ಆಡುವ ಪಂದ್ಯ, ಆ ಶಾಲೆಯ ಮುಂದಿನ ಎದುರಾಳಿಯ ಪಂದ್ಯ ಎರಡನ್ನೂ ಒಪ್ಪಬೇಡಿ. ಟೂರ್ನಿ ನಡೆಸುವವರಿಗೆ ಇದನ್ನು ಮೊದಲೇ ಬರೆದು ತಿಳಿಸಿ.

ಶಿಳ್ಳೆಶಂಕರ

ಇಲ್ಲಿ ನನ್ನ ಮಾತು ಸ್ವಲ್ಪ ಬೇರೆ. ಒಂದೇ ವಯೋಮಿತಿಯಲ್ಲಿ ಎರಡನ್ನೂ ಮಾಡುವುದು ಬೇಡ. ಹದಿನೇಳರೊಳಗಿನವರ ಕೋಚ್ ಆಗಿದ್ದರೆ ಹಿರಿಯರ ಅಥವಾ ಮಹಿಳೆಯರ ಪಂದ್ಯ ತೆಗೆದುಕೊಳ್ಳಿ. ನಿಮ್ಮ ಮನಸ್ಸಿನಲ್ಲಿ ಪಕ್ಷಪಾತ ಇಲ್ಲದಿರಬಹುದು, ಆದರೆ ಸೋತ ತಂಡದ ಮಕ್ಕಳಿಗೆ ಹಾಗೆ ಅನಿಸಲು ಕಾರಣವೇ ಇರಬಾರದು.

ಮೊದಲ ಕೆಲವು ಪಂದ್ಯಗಳಿಗೆ ಹಿರಿಯ ರೆಫರಿಯೊಬ್ಬರನ್ನು ಬದಿಯಲ್ಲಿ ನಿಲ್ಲಿಸಿಕೊಳ್ಳಿ. ಎಲ್ಲವನ್ನೂ ಗಮನಿಸಿ ಎಂದು ಕೇಳಬೇಡಿ. ಒಂದು ಪಂದ್ಯಕ್ಕೆ ಒಂದೇ ಗುರಿ: ಈ ಸಲ ಟ್ಯಾಕಲ್ ಮಾಡಿದವನು ಉರುಳಿದನೇ ಎಂಬುದನ್ನು ಎಷ್ಟು ಸಲ ಸರಿಯಾಗಿ ಹಿಡಿದೆ, ಮುಂದಿನ ಸಲ ಆಫ್‌ಸೈಡ್ ಗೆರೆ, ಅದರ ಮುಂದಿನ ಸಲ ಸ್ಕ್ರಮ್. ಪ್ರತಿ ಪೆನಾಲ್ಟಿಯ ನಿಮಿಷ, ತಂಡ, ಕಾರಣ ಮೂರನ್ನೂ ಅವರು ಕಾಗದದಲ್ಲಿ ಗುರುತು ಹಾಕಲಿ. ಒಂದೇ ತಂಡದ ಮೇಲೆ ಒಂದೇ ಕಾರಣ ಪದೇ ಪದೇ ಬಂದಿದ್ದರೆ ಆ ತಂಡದ ನಾಯಕನೊಂದಿಗೆ ಮಾತಾಡಿ ಎಚ್ಚರಿಸಿ ಕಾರ್ಡ್ ತೋರಿಸಬೇಕಿತ್ತು ಎಂದರ್ಥ. ಕಾರಣಗಳು ಎಲ್ಲೆಡೆ ಚದುರಿ ಹೋಗಿದ್ದರೆ ನೀವು ನಿಂತ ಜಾಗ ಸರಿಯಿರಲಿಲ್ಲ, ಮುಂದಿನ ವಾರದ ಅಭ್ಯಾಸ ಓಟದ ಗೆರೆಯ ಮೇಲೆ.